ಹಳೇ ಚೀಲದಲ್ಲಿ ಹೋದ ಬೆಕ್ಕು

"ಆ ಬೆಕ್ಕು ಸಿಗದಿದ್ರೆ ನನ್ನ ಮಗ ಬೇರೆ ಮನೆ ಮಾಡ್ತಾನಂತೆ, ಮೇಡಂ. ನಾನು ಅದನ್ನ ಓಡಿಸ್ಲಿಲ್ಲ ಕಣ್ರೀ."

ಕುರ್ಚಿ ಕೊಟ್ಟರೂ ಸರ್ವಮಂಗಳಮ್ಮ ಕೂರಲಿಲ್ಲ. ೨೦೦೧ರ ಏಪ್ರಿಲ್, ನಂಜನಗೂಡಿನಲ್ಲಿ ಕರೆಂಟೂ ಇಲ್ಲ, ಗಾಳಿಯೂ ಇಲ್ಲ. ನನ್ನ ಹೆಂಡತಿ ಸುಚೇತಾ ಹೈಸ್ಕೂಲಿನ ಗಣಿತದ ಮೇಡಂ. ಊರಿನವರ ಕಳುವು, ಕಾಣೆಗಳೆಲ್ಲ ಠಾಣೆಗಿಂತ ಮೊದಲು ನಮ್ಮ ಜಗಲಿ ಹತ್ತುತ್ತವೆ. ಬಂದವರಿಗೆ ಕಾಫಿ ಕೊಡುವುದು, ನಡೆದದ್ದನ್ನು ಬರೆದಿಡುವುದು ಈ ಮುರಳೀಧರನ ಪಾಲು. ಕೊನೆಗೆ ಬೆಕ್ಕಿನ ಕೇಸೂ ಬಂತಲ್ಲಪ್ಪ ಎಂದು ಗೊಣಗಿದೆ. ಆದರೂ ಕಾಫಿಗೆ ನೀರಿಟ್ಟೆ.

ಅವರದು ಅಕ್ಕಿ ಮಂಡಿಯ ಮನೆ, ಇಲಿ ಕಾಟ. ಐದು ತಿಂಗಳ ಹಿಂದೆ ಸೊಸೆಯಾಗಿ ಬಂದ ನಯನಳ ತವರು ತಿ. ನರಸೀಪುರ. ಅಲ್ಲಿ ಅವಳು ಸಾಕಿದ್ದ ಬೆಕ್ಕನ್ನು ಬೀಗರು ಶುಕ್ರವಾರ ಗೋಣಿಚೀಲದಲ್ಲಿ ಕಳಿಸಿದ್ದರು. ಸರ್ವಮಂಗಳಮ್ಮ ಪದ್ಧತಿಯಂತೆ ಅದರ ಕಾಲಿಗೆ ಬೆಣ್ಣೆ ಸವರಿ, ಎಂಟು ದಿನ ಹೊರಗೆ ಬಿಡಬೇಡಿ, ತವರಿನ ದಾರಿ ಮರೀಲಿ ಎಂದು ಉಗ್ರಾಣಕ್ಕೆ ಹಾಕಿ ಚಿಲಕ ಜಡಿದರು. ಬೆಕ್ಕು ಅನ್ನ ಮುಟ್ಟಲಿಲ್ಲ, ಮೂಲೆ ಬಿಟ್ಟು ಕದಲಲಿಲ್ಲ, ಒಂದೇ ಸಮ ಅರಚಿತು. ಸೋಮವಾರ ಆಕೆ ದೇವಸ್ಥಾನದಿಂದ ಬಂದಾಗ ಚಿಲಕ ಹಾಕಿದಂತೆಯೇ ಇತ್ತು, ಬೆಕ್ಕು ಮಾತ್ರ ಇರಲಿಲ್ಲ. ಗಂಡಸರು ಮಂಡಿಯಲ್ಲಿದ್ದರು, ನಯನ ಸ್ನಾನಕ್ಕೆ ಹೋಗಿದ್ದೆ ಎಂದಳು. ಹೊರಗಿನವರೆಂದರೆ ಪ್ರತಿ ಸೋಮವಾರ ನರಸೀಪುರದಿಂದ ಬಾಳೆ ಎಲೆ ತರುವ ಸಿದ್ದಯ್ಯ ಒಬ್ಬನೇ.

ಸುಚೇತಾ ಅವರ ಮನೆಗೆ ಹೋಗಿ ಉಗ್ರಾಣ ನೋಡಿದಳು. ಕಿಟಕಿಗೆ ಜಾಲರಿ ಬಿಗಿಯಾಗಿತ್ತು, ಹೊಸ ಚೀಲಗಳು ರಾಶಿ ಬಿದ್ದಿದ್ದವು. ಬೆಕ್ಕು ಬಂದಿದ್ದ ಹಳೇ ಚೀಲ ಎಲ್ಲಿ ಎಂದು ಕೇಳಿದಳು. ಅದೂ ಇರಲಿಲ್ಲ. ಆಮೇಲೆ ಎಲ್ಲರ ಕೈ ನೋಡಿದಳು. ಸರ್ವಮಂಗಳಮ್ಮ, ಯಜಮಾನ ಶಂಭುಲಿಂಗಪ್ಪ, ಮಗ ನಂಜೇಶ್ ಮೂವರ ಕೈಯಲ್ಲೂ ಶನಿವಾರ ಬೆಕ್ಕಿಗೆ ಅನ್ನ ತಿನ್ನಿಸಲು ಹೋಗಿ ಪರಚಿಸಿಕೊಂಡ ಗಾಯ ಒಣಗಿತ್ತು. ನಯನಳ ಬಳೆ ತುಂಬಿದ ಕೈಯಲ್ಲಿ ಒಂದು ಗೀರೂ ಇರಲಿಲ್ಲ.

ನನ್ನ ಅನುಮಾನ ಶಂಭುಲಿಂಗಪ್ಪನವರ ಮೇಲೆ. ಹೊಳೆ ಆಚೆ ಬಿಟ್ಟು ಬರ್ತೀನಿ ಎಂದು ಎರಡು ರಾತ್ರಿ ಕೂಗಾಡಿದ್ದವರು ಅವರೇ. ಸುಚೇತಾಳ ಕಿವಿಯಲ್ಲಿ ಹೇಳಿದರೆ, ನೀವು ಸುಮ್ನೆ ಕೂತ್ಕೊಳ್ಳಿ ಅಂದಳು. ನಲವತ್ತು ಸಲ ಕೇಳಿದ ಮಾತು.

ಸಂಜೆ ಹಜಾರದಲ್ಲಿ ಎಲ್ಲರೂ ಸೇರಿದರು. ನಂಜೇಶ್ ತಾಯಿಯ ಕಡೆ ತಿರುಗಿಯೂ ನೋಡಲಿಲ್ಲ. ಸರ್ವಮಂಗಳಮ್ಮ ಸೆರಗಿನ ತುದಿ ಸುತ್ತಿ ಬಿಚ್ಚಿ ಮಾಡುತ್ತಿದ್ದರು.

"ಓಡಿಸೋರಿಗೆ ಬಾಗಿಲು ತೆಗೆದ್ರೆ ಸಾಕು, ಚೀಲ ಬೇಡ," ಎಂದಳು ಸುಚೇತಾ. "ಹೊಸ ಚೀಲ ಅಷ್ಟಿದ್ರೂ ಹೋಗಿರೋದು ಹಳೇದು. ತವರಿನ ವಾಸನೆ ಇರೋ ಚೀಲದಲ್ಲಿ ಬೆಕ್ಕು ಹೆದರದೆ ಇರ್ಲಿ ಅಂತ ಯೋಚಿಸಿದೋರು ಅದಕ್ಕೆ ಬೇಕಾದೋರು. ಹೆದರಿದ ಬೆಕ್ಕು ಮುಟ್ಟಿದೋರನ್ನೆಲ್ಲ ಪರಚಿದೆ, ಸೋಮವಾರದ ಹೊಸ ಗೀರು ಮಾತ್ರ ಯಾರ ಕೈಯಲ್ಲೂ ಇಲ್ಲ. ಅಂದ್ರೆ ಅದು ತಾನಾಗಿ ಕೈಗೆ ಬಂದಿದೆ. ಅವತ್ತು ಇಲ್ಲಿಗೆ ಬಂದು ನರಸೀಪುರಕ್ಕೆ ವಾಪಸ್ ಹೋದೋನು ಸಿದ್ದಯ್ಯ ಒಬ್ಬನೇ, ಚೀಲ ಹೊತ್ತು ಬಸ್ ಹತ್ತಿದೋನು ಅವನೇ ಇರ್ಬೇಕು. ಆ ಹೊತ್ತಿಗೆ ಮನೇಲಿದ್ದೋಳು ಒಬ್ಬಳೇ. ಅಲ್ವೇನಮ್ಮಾ ನಯನ?"

ನಯನ ಎದ್ದು ಅತ್ತೆಯ ಎದುರು ಬಂದು ನಿಂತಳು.

"ತವರಿನ ದಾರಿ ಮರೀಲಿ ಅಂದ್ರು ಅತ್ತೆ. ಬೆಕ್ಕಿಗೇ ಅಂದದ್ದು, ನಂಗೊತ್ತು. ಆದ್ರೆ ನಾನು ಹೋಗ್ಬರ್ತೀನಿ ಅಂದಾಗೆಲ್ಲ ಮುಂದಿನ ತಿಂಗಳು, ಮುಂದಿನ ತಿಂಗಳು ಅಂತಾರೆ. ಅದು ಅಳೋದು ಕೇಳ್ಕೊಂಡು ಇರೋಕಾಗ್ಲಿಲ್ಲ. ಅದಾದ್ರೂ ಹೋಗ್ಲಿ ಅನ್ನಿಸ್ತು. ಇವರು ನಿಮ್ಮನ್ನ ಬೈದಾಗ ಹೇಳ್ಬೇಕಿತ್ತು ಅತ್ತೆ, ಭಯ ಆಯ್ತು."

ನಂಜೇಶ್ ಏನೋ ಹೇಳಲು ಬಾಯಿ ತೆರೆದ. ಸರ್ವಮಂಗಳಮ್ಮ ಕೈಯೆತ್ತಿ ತಡೆದರು. ಈಗ ರೇಗುತ್ತಾರೆ ಎಂದುಕೊಂಡು ನಾನು ಚಪ್ಪಲಿ ಹುಡುಕತೊಡಗಿದೆ.

"ನನ್ನ ತವರು ಮುಡುಕುತೊರೆ," ಎಂದರು ಆಕೆ. "ನಮ್ಮತ್ತೆ ನನ್ನನ್ನ ಒಂದೂವರೆ ವರ್ಷ ಅಲ್ಲಿಗೆ ಕಳಿಸ್ಲಿಲ್ಲ. ಅದನ್ನ ಹೆಂಗೆ ಮರ್ತೆನೋ, ಕಾಣೆ. ಬೆಳಿಗ್ಗೆ ಬಸ್ಸಿಗೆ ಹೊರಡವ್ವ. ಯಾವಾಗ ಬರ್ತೀಯ ಅಂತ ನಾನು ಕೇಳಲ್ಲ."

ಕೇಳಲೂ ಇಲ್ಲ. ಆದರೆ ಮಾರನೇ ದಿನದಿಂದ ನರಸೀಪುರದ ಬಸ್ಸು ಬರುವ ಹೊತ್ತಿಗೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ನನಗೂ ಶಾಲೆಯ ಬೇಸಿಗೆ ರಜದ ಸುಚೇತಾಳಿಗೂ ಮನೆಯಲ್ಲಿ ಕಾಲು ನಿಲ್ಲಲಿಲ್ಲ, ದಿನಾ ಅವರ ಬೀದಿಗೆ ಹೋಗಿ ನೋಡಿ ಬರುತ್ತಿದ್ದೆವು.

ಐದನೇ ದಿನ ನಯನ ಬಂದಳು. ಬೆಕ್ಕನ್ನು ತರಲಿಲ್ಲ.