ಹಳದಿ ರೈನ್‌ಕೋಟು

2008ರ ಚಿತ್ತೆ ಮಳೆ. ಬುಧವಾರ, ಬೆಳಿಗ್ಗೆ ಹತ್ತು ಗಂಟೆ. ಚಿಕ್ಕಬಳ್ಳಾಪುರ ದಾಟಿ ಗೌರಿಬಿದನೂರಿಗೆ ಹೋಗುವ ರಸ್ತೆ.

ಜೀಪು ನನ್ನ ಬೆನ್ನಿಗೆ ಹತ್ತು ಮಾರು ದೂರದಲ್ಲಿತ್ತು!

ಹಾರನ್ ಇಲ್ಲ. ಬ್ರೇಕ್ ಇಲ್ಲ. ಇಂಜಿನ್ ಸದ್ದು ಮಾತ್ರ ಏರುತ್ತಿತ್ತು...

ಹ್ಯಾಂಡಲ್ ಎಡಕ್ಕೆ ಎಳೆದೆ. ಸೈಕಲ್ಲು ಒಂದು ಕಡೆ, ನಾನೊಂದು ಕಡೆ. ಮುಖ ಕೆಸರಿನಲ್ಲಿ. ಜೀಪಿನ ಚಕ್ರ ನನ್ನ ಚಪ್ಪಲಿಯ ಮೇಲೆ ಹಾದುಹೋಯಿತು. ಪುಣ್ಯಕ್ಕೆ ಚಪ್ಪಲಿಯಲ್ಲಿ ಕಾಲಿರಲಿಲ್ಲ.

ನನ್ನ ಹೆಸರು ಗಂಗುಲಪ್ಪ. ಆಗ ಅರವತ್ತೆರಡು ವರ್ಷ. ಶಿಡ್ಲಘಟ್ಟದಲ್ಲಿ ಸೈಕಲ್ ಶಾಪು. ಓದಿದ್ದು ಎರಡನೇ ಕ್ಲಾಸು. ಯಾರದೇ ಗಾಡಿ ಕಳುವಾದರೂ ಮೊದಲು ನನ್ನ ಹತ್ತಿರ ಬರುತ್ತಾರೆ. ಒಂದು ಸಲ ನೋಡಿದ ನಂಬರು ನನ್ನ ತಲೆಯಿಂದ ಹೋಗುವುದಿಲ್ಲ.

ಆ ತಲೆಯೇ ಜೀಪಿಗೆ ಬೇಕಾಗಿತ್ತು.

ಕೇಳಿ. ಅದಕ್ಕೆ ಹದಿನೈದು ದಿನ ಮೊದಲು, ಚಿಂತಾಮಣಿ ರಸ್ತೆಯಲ್ಲಿ ಹಿಪ್ಪುನೇರಳೆ ಸೊಪ್ಪು ಹೊತ್ತು ಬರುತ್ತಿದ್ದ ಅಮ್ಮಾಜಮ್ಮನಿಗೆ ಒಂದು ಜೀಪು ಗುದ್ದಿ, ನಿಲ್ಲದೆ ಹೋಯಿತು. ಆಕೆ ಸೊಪ್ಪಿನ ಮೇಲೆಯೇ ಸತ್ತಳು. ನಾನು ಅಲ್ಲೇ ಇದ್ದೆ. ಓಡಿಸಿದವನು ನನಗೆ ಕಾಣಲಿಲ್ಲ. ನಂಬರು ಕಂಡಿತು. ಆ ಗಲಾಟೆಯಲ್ಲಿ ಯಾರೂ ನನ್ನನ್ನು ಕೇಳಲಿಲ್ಲ. ಕೇಳದೆ ಮಾತಾಡುವ ಅಭ್ಯಾಸ ನನಗಿಲ್ಲ.

ಕೊನೆಗೆ ಕೇಳಿದ್ದು ಆಕೆಯ ಮಗಳು ರೂಪ.

"ಶುಕ್ರವಾರ ಇನ್‌ಸ್ಪೆಕ್ಟರ್ ಬರೋಕೆ ಹೇಳವ್ರೆ. ಬಂದು ನಂಬರ್ ಹೇಳ್ತೀಯಾ ತಾತಾ?"

"ಬರ್ತೀನಿ ಕಣಮ್ಮ."

ಈ ಮಾತನ್ನು ನಾನು ಹೇಳಿದ್ದು ಇಬ್ಬರಿಗೇ. ನೂಲು ತೆಗೆಯುವ ಬಷೀರ್ ಅಹಮದ್, ರಿಟೈರ್ಡ್ ಪೋಸ್ಟ್‌ಮ್ಯಾನ್ ಬಯ್ಯಪ್ಪ. ಮೂವತ್ತು ವರ್ಷದ ಗೆಳೆಯರು. ಪ್ರತಿ ವರ್ಷ ಆಯುಧಪೂಜೆಗೆ ಸೈಕಲ್ಲುಗಳಿಗೆ ಪೂಜೆ ಮಾಡುತ್ತೇವೆ. ಅದರ ಮುಂದಿನ ವಾರ ಮೂವರೂ ಅವನ್ನೇರಿ ಮೂರು ದಿನ ಹೊರಡುತ್ತೇವೆ. ನಂದಿಯಲ್ಲಿ ಒಂದು ರಾತ್ರಿ, ವಿದುರಾಶ್ವತ್ಥದಲ್ಲಿ ಒಂದು ರಾತ್ರಿ. ಹೆಂಡತಿಯ ಕಾಟವಿಲ್ಲ, ಮೊಮ್ಮಕ್ಕಳ ಗಲಾಟೆಯಿಲ್ಲ!

ಮಳೆ ಬಂದರೆ ಗೋಣಿಚೀಲ ಮಡಿಸಿ ತಲೆಗೆ ಗೊಪ್ಪೆ. ಮೂವರಿಗೂ ಒಂದೇ ಬಗೆ. ಹಿಂದಿನಿಂದ ನೋಡಿದರೆ ಯಾರು ಯಾರೆಂದು ದೇವರಿಗೂ ತಿಳಿಯದು.

ಈ ಸಲ ಬಯ್ಯಪ್ಪ ನನಗೆ ಮಾತ್ರ ಹಳದಿ ರೈನ್‌ಕೋಟು ತಂದಿದ್ದ.

"ನಿಂಗೆ ಕೆಮ್ಮು ಕಣೋ. ಹಾಕ್ಕೊ."

"ನಂಗೆ?" ಅಂದ ಬಷೀರ್.

"ನೀನು ಕೆಮ್ಮಲ್ವಲ್ಲ!"

ಬಷೀರ್ ತಕ್ಷಣ ಕೆಮ್ಮಿ ತೋರಿಸಿದ್ದ. ಎಷ್ಟು ನಕ್ಕೆವು...

ಈಗ ಕೆಸರಿನಲ್ಲಿ ಬಿದ್ದಿದ್ದೆ. ಹಿಂದೆ ಬರುತ್ತಿದ್ದ ಬಷೀರ್ ಸೈಕಲ್ ಎಸೆದು ಓಡಿಬಂದ.

"ಸತ್ತ್ಯೇನೋ?"

"ಇನ್ನೂ ಇಲ್ಲ."

ಮುಂದೆ ಹೋಗಿದ್ದ ಬಯ್ಯಪ್ಪನೂ ತಿರುಗಿ ಬಂದ. "ಯಾರೋ ಕುಡುಕ ಕಣೋ. ಏಳು, ಹೋಗಣ."

ಕುಡುಕನಲ್ಲ. ಕೊನೆಯಲ್ಲಿದ್ದವನು ಬಷೀರ್. ಅವನನ್ನು ನೀಟಾಗಿ ದಾಟಿಕೊಂಡು ಬಂದ ಜೀಪು, ಸೀದಾ ನನ್ನ ಮೇಲೆ ನುಗ್ಗಿತ್ತು. ನಂಬರ್ ಪ್ಲೇಟಿಗೆ ಕೆಸರು ಬಳಿದಿದ್ದರು. ಆದರೆ ಮಳೆ ಯಾರ ಪಾರ್ಟಿಯೂ ಅಲ್ಲ! ಅರ್ಧ ತೊಳೆದುಬಿಟ್ಟಿತ್ತು. ಉಳಿದರ್ಧ ನನಗೆ ಗೊತ್ತಿತ್ತು.

ಅದೇ ಜೀಪು.

ತಿರುವಿನಾಚೆ ಗೇರು ಬದಲಾಯಿಸುವ ಸದ್ದು. ಗಾಡಿ ತಿರುಗಿಸುತ್ತಿದ್ದ...

ಬಯ್ಯಪ್ಪನನ್ನು ನೋಡಿದೆ. ಗೋಣಿ ನೆನೆದು ಸೋರುತ್ತಿತ್ತು. ಹಲ್ಲು ಕಟಕಟ ಅನ್ನುತ್ತಿದ್ದವು. ನಾನು ರೈನ್‌ಕೋಟು ಬಿಚ್ಚಿ ಮುಂದೆ ಹಿಡಿದೆ.

"ನಡುಗ್ತಾ ಇದ್ದೀಯ. ತಗೋ, ನೀನು ಹಾಕ್ಕೊ."

"ಬೇಡ."

"ಹಾಕ್ಕೊಳ್ಳೋ."

"ಬೇಡ ಅಂದ್ನಲ್ಲ!"

ಎರಡು ಹೆಜ್ಜೆ ಹಿಂದೆ ಸರಿದ. ನಾನು ಹಾವು ಹಿಡಿದು ನಿಂತಿದ್ದೇನೋ ಎಂಬಂತೆ.

ಕೈ ಚಾಚಿದಂತೆಯೇ ಕಾದೆ. ಕಾಯುವುದು ನನಗೆ ಕಷ್ಟವಲ್ಲ.

"ಜೀಪಲ್ಲಿ ಯಾರು, ಬಯ್ಯಪ್ಪಾ?"

"...ವೇಣು."

ಅವನ ಮಗ! ನನ್ನ ಶಾಪಿನ ಮುಂದೆಯೇ ಸೈಕಲ್ ಕಲಿತವನು. ಹಿಂದೆ ಸೀಟು ಹಿಡಿದು ಓಡಿದವನು ನಾನು. ಈಗ ಯಾವುದೋ ಕ್ವಾರಿಯಲ್ಲಿ ಡ್ರೈವರ್.

"ಕಾಲು ಮುರೀತೀನಿ ಅಂದಿದ್ದ ಕಣೋ, ಅಷ್ಟೇ! ಶುಕ್ರವಾರ ನೀನು ಆಸ್ಪತ್ರೇಲಿದ್ರೆ ಸಾಕು ಅಂತ..."

"ಅಷ್ಟೇನಾ?"

ಬಷೀರ್ ನನ್ನ ಸೈಕಲ್ಲಿನಿಂದ ಗಾಳಿ ಪಂಪು ಕಿತ್ತುಕೊಂಡ. ಅವನ ಕಣ್ಣಲ್ಲಿ ನೀರು. "ಯಾರಿಗೆ ಹೊಡೀಲಿ ಹೇಳು! ಜೀಪಿಗಾ, ಇವನಿಗಾ?"

ಜೀಪು ತಿರುವಿನಲ್ಲಿ ಕಾಣಿಸಿತು.

ಒಂದು ಕಡೆ ಬಂಡೆ. ಇನ್ನೊಂದು ಕಡೆ ತುಂಬಿದ ಚರಂಡಿ. ನನ್ನ ಕಾಲು ಉಳುಕಿತ್ತು. ಓಡುವ ಮಾತೇ ಇಲ್ಲ.

ಬಯ್ಯಪ್ಪ ರೈನ್‌ಕೋಟು ಕಸಿದುಕೊಂಡ. ಗೋಣಿ ಎಸೆದ. ಟೋಪಿ ತಲೆಗೆಳೆದು, ಒಂದೇ ತೋಳು ತೂರಿಸಿ ರಸ್ತೆಯ ನಡುವೆ ಓಡಿದ.

ಹಳದಿ ಕಂಡದ್ದೇ ಜೀಪು ಸ್ಪೀಡಾಯಿತು!

ಇಪ್ಪತ್ತು ಮಾರು... ಹತ್ತು... ಬಯ್ಯಪ್ಪ ಟೋಪಿ ಕಿತ್ತ.

"ವೇಣೂ! ನಾನು ಕಣೋ! ನಿಮ್ಮಪ್ಪ!"

ಬ್ರೇಕು ಕಿರುಚಿತು. ಜೀಪು ಅಡ್ಡ ತಿರುಗಿ, ಜಾರಿ, ಮೂಗು ಮುಂದಾಗಿ ಚರಂಡಿಗೆ ಬಿತ್ತು. ಬಯ್ಯಪ್ಪನಿಗೆ ಗೇಣು ದೂರದಲ್ಲಿ.

ವೇಣು ಇಳಿದ. ಹಣೆಯಲ್ಲಿ ರಕ್ತ. ನನ್ನ ಮುಖ ನೋಡಲಾಗದೆ ಕೆಸರಿನಲ್ಲೇ ಕುಕ್ಕರಿಸಿದ.

ಬಯ್ಯಪ್ಪ ನಿಂತದ್ದು ನನ್ನನ್ನು ಉಳಿಸಲೋ, ಮಗ ಇನ್ನೊಂದು ಕೊಲೆ ಮಾಡಬಾರದೆಂದೋ... ನಾನು ಕೇಳಲಿಲ್ಲ. ಅವನೇ ಹತ್ತಿರ ಬಂದು ನನ್ನ ಕೈ ಹಿಡಿದ.

"ಮರ್ತೋಯ್ತು ಅಂದ್ಬಿಡೋ ಗಂಗುಲಾ. ನಿಂಗೂ ವಯಸ್ಸಾಯ್ತು. ನಂಬ್ತಾರೆ."

ಎರಡನೇ ಕ್ಲಾಸಿನವರೆಗೆ ಮರೆಯುವುದನ್ನು ಕಲಿಸುವುದಿಲ್ಲ.

ಅವನ ಮೈಯಿಂದ ರೈನ್‌ಕೋಟು ಬಿಚ್ಚಿಕೊಂಡೆ. ಬಷೀರ್ ನನ್ನ ಸೈಕಲ್ಲನ್ನೂ ತಳ್ಳಿಕೊಂಡು ಬಂದ. ಆ ವರ್ಷ ವಿದುರಾಶ್ವತ್ಥಕ್ಕೆ ಹೋಗಲಿಲ್ಲ.

ಶುಕ್ರವಾರ ಚಿಂತಾಮಣಿ ಸ್ಟೇಷನ್ನಿನಲ್ಲಿ, ರೂಪಳ ಪಕ್ಕ ನಿಂತು ನಂಬರು ಹೇಳಿದೆ. ಸಂಜೆ ವೇಣು ಪೊಲೀಸರ ಜೊತೆ ಹೋದ.

ಭಾನುವಾರ ಬಯ್ಯಪ್ಪ ಮನೆಗೆ ಬೀಗ ಹಾಕಿ, ಹಿಂದೂಪುರದ ತಂಗಿಯ ಮನೆಗೆ ಹೊರಟುಹೋದ. ನನ್ನ ಶಾಪಿನ ಎದುರಿಗೇ ಬಸ್ಸು ಹತ್ತಿದ. ತಿರುಗಿ ನೋಡಲಿಲ್ಲ. ಮಳೆ ಬರುತ್ತಿತ್ತು.

ರೈನ್‌ಕೋಟು ಈಗಲೂ ನನ್ನ ಹತ್ತಿರವೇ ಇದೆ. ಹಾಕಿಕೊಳ್ಳುತ್ತೇನೆ. ಒಂದು ಹನಿಯೂ ಒಳಗೆ ಬರುವುದಿಲ್ಲ...

ಗೆಳೆಯ ಒಳ್ಳೆ ಮಾಲೇ ತಂದಿದ್ದ!