ಬಾಗಿಲಾಚೆಯ ಅಪೊರೊಸ

"ಓಕೆ ಓಕೆ, ಕೇಳ್ರಪ್ಪಾ. ಪಕ್ಷ ಅದಲು ಬದಲು. ನೂಡಲ್ಸ್ ಬೇಡ ಅನ್ನೋರು ಈಗ ನೀವು. ಹ್ಞಾಂ?"

ಮುಚ್ಚಿದ ಬಾಗಿಲಿಗೆ ಬಾಯಿ ತಾಗಿಸಿ ಹೀಗೆ ಹೇಳಿದವಳು ಏಳನೇ ಕ್ಲಾಸಿನ ಮಕೆರೆತಾ. ಧ್ವನಿ ಮಾತ್ರ ಅಪೊರೊಸ ಅಣ್ಣನದು. ದೋಣಿಯ ಎಂಜಿನ್ನಿಗೆ ನೆಗಡಿಯಾದರೆ ಹೇಗಿರುತ್ತದೋ, ಹಾಗೆ.

ಅಪೊರೊಸ ಸುವಾ ನಗರದ ಯೂನಿವರ್ಸಿಟಿಯಲ್ಲಿ ಕಾನೂನು ಓದುತ್ತಿದ್ದ. ಹತ್ತು ಶುಕ್ರವಾರಗಳಿಂದ ಶಾಲಾ ಮಕ್ಕಳ ಡಿಬೇಟ್ ಅಲ್ಲೇ ನಡೆಯುತ್ತಿತ್ತು, ಅವನೇ ಜಡ್ಜ್. ಇವತ್ತು ಸೆಮಿಫೈನಲ್. ಸೋತವರ ಸೀಸನ್ ಇಲ್ಲಿಗೆ ಮುಗಿಯಿತು.

ನಾಣ್ಯ ಚಿಮ್ಮಿದಾಗ, ಶಾಲೆಯಲ್ಲಿ ನೂಡಲ್ಸ್ ಬೇಡ ಎಂಬ ಪಕ್ಷ ಮಕೆರೆತಾಳ ತಂಡಕ್ಕೆ ಬಂದಿತ್ತು. ಬೇಕು ಎನ್ನಬೇಕಾದವರು ನಸ್ರೀನಳ ತಂಡದವರು.

ಬಾಗಿಲಿನ ಒಳಗೆ ತನ್ನ ತಂಡದ ಜೊತೆ ಇದ್ದವಳು ಅದೇ ನಸ್ರೀನ್. ಬೇರೆ ಶಾಲೆ, ಆದರೆ ದಿನಾ ಒಂದೇ ಬಸ್ಸು, ಒಂದೇ ಸೀಟು. ಮಕೆರೆತಾ ಯಾರ ಧ್ವನಿ ತೆಗೆದರೂ ಅವಳು ಎರಡೇ ಮಾತಿಗೆ ಹಿಡಿದುಬಿಡುತ್ತಿದ್ದಳು. ಈಗಲೂ "ಹೋಗೇ ಕೋತಿ" ಅನ್ನುತ್ತಾಳೆಂದು ಮಕೆರೆತಾ ಕಾದಳು.

"ಸರಿ ಅಣ್ಣಾ," ಅಂದಳು ನಸ್ರೀನ್.

ಅಷ್ಟರಲ್ಲಿ ನಿಜವಾದ ಅಪೊರೊಸ ಬಂದೇಬಿಟ್ಟ. "ನಿಂದೇನಮ್ಮಾ ಇಲ್ಲಿ? ಟೈಮ್ ಶುರು. ನಡಿ ನಿನ್ನ ರೂಮಿಗೆ."

ಮಕೆರೆತಾ ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಕೋಣೆಯ ಬಾಗಿಲು ಅವಳ ಹಿಂದೆ ಮುಚ್ಚಿಕೊಂಡಿತು. ತಯಾರಿಗೆ ಅರ್ಧ ಗಂಟೆ. ಅಷ್ಟರೊಳಗೆ ಯಾರು ಹೊರಗೆ ಕಾಲಿಟ್ಟರೂ, ಇನ್ನೊಂದು ತಂಡದ ಜೊತೆ ಮಾತಾಡಿದರೂ ಅವರ ತಂಡ ಔಟ್.

ನಡುವೆ ಇದ್ದದ್ದು ಹಲಗೆಯ ಗೋಡೆ. ಆಚೆಯಿಂದ ನಸ್ರೀನಳ ಧ್ವನಿ ಕೇಳಿಸಿತು. "ನೂಡಲ್ಸ್ ತಿಂದ ಮಗು ಮಧ್ಯಾಹ್ನ ತೂಕಡಿಸುತ್ತೆ. ಬರ್ಕೊಳ್ರೇ ಬೇಗ."

"ಅರೆ, ಇದು ನಮ್ಮ ಪಾಯಿಂಟ್ ಅಲ್ವಾ?" ಅಂದ ಜೋನೆ, ಮಕೆರೆತಾಳ ತಂಡದ ಹುಡುಗ.

ಮಕೆರೆತಾ ನಡೆದದ್ದನ್ನು ಹೇಳಿದಳು. ಜೋನೆ ಪೆನ್ನು ಕೆಳಗಿಟ್ಟ.

"ಈಗ ಹೊರಗೆ ಹೋದ್ರೆ ನಾವು ಔಟ್. ಆಮೇಲೆ ಹೇಳಿದ್ರೂ ಔಟ್. ಸುಮ್ನೆ ಕೂತ್ಕೋ."

"ಅವರು ಸೋತ್ರೆ?"

"ಸೋಲೋದಕ್ಕೇ ತಾನೆ ಸೆಮಿಫೈನಲ್ ಇಡೋದು? ಬರಿ."

ಅವಳು ಬರೆದಳು, ಹೊಡೆದುಹಾಕಿದಳು. ಗೋಡೆಯಾಚೆ ನಸ್ರೀನ್ ತಪ್ಪು ಭಾಷಣವನ್ನು ತೊದಲದೆ ಮೂರನೇ ಸಲ ಒಪ್ಪಿಸುತ್ತಿದ್ದಳು. ಎಷ್ಟು ಚೆನ್ನಾಗಿ ಒಪ್ಪಿಸುತ್ತಿದ್ದಳೆಂದರೆ, ಮಕೆರೆತಾ ಬರೆಯುವುದನ್ನೇ ಬಿಟ್ಟು ಕೇಳುತ್ತ ಕೂತಳು.

ಅರ್ಧ ಗಂಟೆ ಮುಗಿಯಿತು. ಹಾಲ್ ತುಂಬಿತ್ತು. ಮೊದಲ ಮಾತು ಮಕೆರೆತಾಳದು. ಗಂಟೆ ಹೊಡೆಯಿತು.

"ಮಾನ್ಯ ಅಧ್ಯಕ್ಷರೇ," ಎಂದಳು. ಎದುರು ಸಾಲಿನಲ್ಲಿ ನಸ್ರೀನ್ ನೆಟ್ಟಗೆ ಕೂತು ಅವಳನ್ನೇ ನೋಡುತ್ತಿದ್ದಳು. "ಆ ತಂಡಕ್ಕೆ ಪಕ್ಷ ಬದಲಾಗಿದೆ ಅಂತ ಹೇಳಿದ್ದು ಅಪೊರೊಸ ಅಣ್ಣ ಅಲ್ಲ. ನಾನು."

ನಸ್ರೀನ್ ತನ್ನ ಚೀಟಿಗಳನ್ನು ನೋಡಿದಳು. ಆಮೇಲೆ ಮಕೆರೆತಾಳನ್ನು. ಜೋನೆ ಮುಖ ಮುಚ್ಚಿಕೊಂಡ.

ಅಪೊರೊಸ ಗಡಿಯಾರ ನೋಡಿದ. "ಹೊಸ ವಿಷಯ, ಹೊಸ ಅರ್ಧ ಗಂಟೆ," ಅಂದ. "ನಿನ್ನ ತಂಡ ಆಡಬಹುದು. ನೀನು ಮಾತಾಡೋ ಹಾಗಿಲ್ಲ. ಈ ಸೀಸನ್ ಮುಗಿಯೋ ತನಕ."

"ಸರಿ."

"ತಾಳು. ಏನಂದೆ ಬಾಗಿಲ ಹತ್ರ? ಅಂದ ಹಾಗೇ ಅನ್ನು. ಇಲ್ಲಿ, ಎಲ್ಲರ ಮುಂದೆ."

ಮಕೆರೆತಾ ನೆಲ ನೋಡುತ್ತ ಶುರುಮಾಡಿದಳು. "ಓಕೆ ಓಕೆ, ಕೇಳ್ರಪ್ಪಾ..."

ನೆಗಡಿ ಹಿಡಿದ ಎಂಜಿನ್ನು ಹಾಲ್ ತುಂಬ ಗೊರಗುಟ್ಟಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅಪೊರೊಸನ ತುಟಿಯೂ ಅಲುಗಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಸ್ರೀನ್. ಬೆಂಚು ಗುದ್ದಿ ಗುದ್ದಿ ನಕ್ಕಳು.

ಮಕೆರೆತಾ ಮಾತ್ರ ನಗಲಿಲ್ಲ. ನಸ್ರೀನಳ ಇನ್ನೊಂದು ಕೈ ಆ ತಪ್ಪು ಭಾಷಣದ ಚೀಟಿಗಳನ್ನು ಮುದ್ದೆ ಮಾಡುತ್ತಿದ್ದುದನ್ನು ಅವಳೊಬ್ಬಳೇ ನೋಡಿದ್ದಳು.