ಫ್ರಿಜ್ಜುಗಳು ಸುಮ್ಮನಾದಾಗ

"ಇದನ್ನ ನಾಳೆ ಆಸ್ಪತ್ರೆಗೆ ಕೊಡೋಕಾಗಲ್ಲ!"

ಎಲ್ಲರೆದುರಿಗೇ ಹೇಳಿಬಿಟ್ಟನಲ್ಲ! ಅವಳ ಮುಖ ಕೆಂಪೇರಿತು. ಆಫೀಸಿಗೆ ಹೊಸಬ, ಯಾರ ಜೊತೆಗೂ ಮಾತಿಲ್ಲ, ಎಲ್ಲರೂ 'ಮೌನಿ' ಎಂದು ಅಡ್ಡಹೆಸರಿಟ್ಟಿದ್ದರು. ಅಂಥವನು ಬಾಯಿ ಬಿಟ್ಟ ಮೊದಲ ಮಾತೇ ಇದು!

ಅವಳು ಜೀವ ತೇಯ್ದು ಬರೆದ ಪ್ರೋಗ್ರಾಂ ಅದು. ಮಕ್ಕಳ ಆಸ್ಪತ್ರೆಯ ಲಸಿಕೆ ಫ್ರಿಜ್ಜುಗಳು ತಮ್ಮ ತಾಪಮಾನ ಕಳಿಸುತ್ತಲೇ ಇರುತ್ತವೆ. ಪ್ರತಿಯೊಂದರ ಕೊನೆಯ ಸುದ್ದಿಯನ್ನು ಪ್ರೋಗ್ರಾಂ ನೆನಪಿಟ್ಟುಕೊಂಡು, ಆಗಾಗ ಅದನ್ನೆಲ್ಲ ತಿರುವಿ ನೋಡಿ, ಯಾವುದಾದರೂ ಸುಮ್ಮನಾಗಿದ್ದರೆ ಅಲಾರಾಂ ಹೊಡೆಯಬೇಕು. ಅಲ್ಲೇ ನರ್ಸ್ ಆಗಿದ್ದ ಅವಳ ಅಕ್ಕ, "ನನ್ನ ತಂಗಿ ಮಾಡಿದ್ದು" ಎಂದು ವಾರ್ಡಿಗೆಲ್ಲ ಸಾರಿಯಾಗಿತ್ತು.

"ಏನು ತಪ್ಪಿದೆ, ತೋರಿಸಿ!"

ಆಫೀಸಿನಲ್ಲಿ ಪರೀಕ್ಷೆಗೆಂದು ಇಟ್ಟಿದ್ದ ಫ್ರಿಜ್ಜುಗಳಲ್ಲಿ ಒಂದರ ಪ್ಲಗ್ಗನ್ನು ಅವನು ಕಿತ್ತ. ಸ್ವಲ್ಪ ಹೊತ್ತಿಗೆ ಅಲಾರಾಂ ಹೊಡೆಯಿತು.

"ನೋಡಿದ್ರಾ?" ಅವಳು ಗೆದ್ದಳು!

ಈಗ ಅವನು ಎಲ್ಲ ಪ್ಲಗ್ಗುಗಳನ್ನೂ ಕಿತ್ತ. ಕಾದರು... ಕಾದರು... ಸದ್ದೇ ಇಲ್ಲ.

"ಇದರ ಗಡಿಯಾರ ಮುಂದೆ ಹೋಗೋದು ಹೊಸ ಸುದ್ದಿ ಬಂದಾಗ ಮಾತ್ರ," ಅವನು ಮೆಲ್ಲಗೆ ಹೇಳಿದ. "ಎಲ್ಲಾ ಒಟ್ಟಿಗೇ ಸುಮ್ಮನಾದ್ರೆ ಗಡಿಯಾರಾನೂ ನಿಲ್ಲತ್ತೆ. ತಿರುವಿ ನೋಡೋ ಹೊತ್ತೇ ಬರಲ್ಲ."

ವಾರ್ಡಿನ ಕರೆಂಟೇ ಹೋದರೆ? ಕೆಟ್ಟ ಲಸಿಕೆ ಆ ಕಂದಮ್ಮಗಳಿಗೆ...? ಕೋಪವೆಲ್ಲ ಎಲ್ಲಿ ಹೋಯಿತೋ! 'ಎಂಥ ತಲೆ ಇವನದು!'

ತಪಾಸಣೆಯನ್ನು, ಸುದ್ದಿ ಬರಲಿ ಬಿಡಲಿ ಓಡುತ್ತಲೇ ಇರುವ ಕಂಪ್ಯೂಟರಿನ ಗಡಿಯಾರಕ್ಕೇ ಕಟ್ಟಿಹಾಕಿದಳು. ತಪ್ಪು ಹಿಡಿದದ್ದಕ್ಕೆ ಮ್ಯಾನೇಜರ್ ಅವನನ್ನು ಹೊಗಳಿದಾಗ, "ಕೆಲಸ ಪೂರ್ತಿ ಇವರದೇ ಸಾರ್" ಎಂದು ಅವನು ಹಿಂದೆ ಸರಿದ. ಅವಳು ಅಲ್ಲೇ ಸೋತಳು ನೋಡಿ!

ಆದರೆ ಪುಣ್ಯಾತ್ಮ ಮತ್ತೆ ಬಾಯಿ ಬಿಟ್ಟರೆ ತಾನೇ? ಎದುರಾದರೆ ತಲೆ ತಗ್ಗಿಸಿ ನಡೆದುಬಿಡುತ್ತಿದ್ದ. 'ನನ್ನ ಕಂಡರೆ ಆಗೋದಿಲ್ಲವೇನೋ...' ಎಂದು ಅವಳೂ ಬಿಗುಮಾನದಿಂದ ಸುಮ್ಮನಾದಳು. ಒಳಗೊಳಗೇ ನೋವಾಗುತ್ತಿತ್ತು.

ಒಂದು ಮಧ್ಯಾಹ್ನ ಅಕ್ಕನ ಫೋನ್ ಬಂತು. "ವಾರ್ಡಿನ ಕರೆಂಟೇ ಹೋಗಿತ್ತು ಕಣೇ! ಅಲಾರಾಂ ಹೊಡ್ಕೊಳ್ತು, ಲಸಿಕೆ ಎಲ್ಲಾ ಬೇರೆ ಕಡೆ ಸಾಗಿಸಿದ್ವಿ. ಒಂದೂ ಕೆಡಲಿಲ್ಲ!"

ಅವಳು ಬಿಗುಮಾನ ಬಿಟ್ಟು ಓಡಿದಳು. ಅವನು ಮೆಟ್ಟಿಲ ಮೇಲೆ ಒಬ್ಬನೇ ಕುಳಿತಿದ್ದ.

"ಉಳೀತು ರೀ... ಎಲ್ಲಾ ಉಳೀತು! ನಿಮ್ಮಿಂದ!"

ಅವನ ಕಣ್ಣು ತುಂಬಿತು. "ಅವತ್ತು ಎಲ್ಲರ ಮುಂದೆ ಹಾಗನ್ನಬಾರದಿತ್ತು. ನಿಮಗೆ ಬೇಜಾರಾಗಿದೆ, ನೀವಾಗೇ ಮಾತಾಡೋವರೆಗೆ ಕಾಯೋಣ ಅಂತ..."

"ನಾನು ಮಾತಾಡದೇ ಇದ್ದಿದ್ರೆ?"

"...ಕಾಯ್ತಾನೇ ಇರ್ತಿದ್ದೆ."

"ಅಯ್ಯೋ ದೇವರೇ! ಆ ಪ್ರೋಗ್ರಾಂಗಿರೋ ಬುದ್ಧಿನೂ ನಿಮಗಿಲ್ವಲ್ಲ!" ನಗುತ್ತಲೇ ಅತ್ತಳು. "ನಂಗೆ ನೀವಂದ್ರೆ ತುಂಬಾ ಇಷ್ಟ. ಈಗಲಾದ್ರೂ ಏನಾದ್ರೂ ಹೇಳಿ..."

"ನಂಗೆ ಮೊದಲ ದಿನದಿಂದಾನೇ..."

ಅವಳು ಅವನ ಪಕ್ಕದಲ್ಲಿ ಕುಳಿತಳು. "ಇನ್ಮೇಲೆ ನಾನು ಸುಮ್ಮನಾಗಿಬಿಟ್ರೆ?"

"ಯಾಕೆ ಅಂತ ನಾನೇ ಬಂದು ಕೇಳ್ತೀನಿ."